ಮೊದಲ ಸಾಲಿನ ಡಬ್ಬಿಗಳು

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಬಂದರಿನ ನಮ್ಮ ಗೇರುಬೀಜದ ಕಚೇರಿಗೆ ಕಂಪ್ಯೂಟರ್ ಬಂತು. ಎದುರಿನ ಮೆಣಸಿನ ವ್ಯಾಪಾರಿಗಳು ತರಿಸುವ ಮೊದಲು ನಾವು ತರಿಸಬೇಕು ಎಂಬುದನ್ನು ಬಿಟ್ಟರೆ ನಮ್ಮ ಧಣಿಗಳಿಗೆ ಅದರಿಂದ ಬೇರೆ ಅಪೇಕ್ಷೆ ಇದ್ದಂತೆ ನನಗೆ ತೋರಲಿಲ್ಲ. ಗಾಜಿನ ಕೋಣೆ ಕಟ್ಟಿಸಿ, ಏಸಿ ಹಾಕಿಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ತೂಗಿಸಿದ ಮೇಲೆ ಅವರು ನನ್ನನ್ನು ಕರೆದು, "ಇನ್ನು ಇದರಿಂದ ಎಂತ ಮಾಡಿಸ್ಬೇಕು ಅಂತ ನೀವೇ ನೋಡಿ, ಅಕ್ಕ" ಎಂದರು.

ನಾನು ಆ ಕಚೇರಿಯ ಮೇಲ್ವಿಚಾರಕಿ. ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವಳು. ಅಲ್ಲಿ ಏಳುವುದು, ಉಣ್ಣುವುದು, ಪ್ರಾರ್ಥಿಸುವುದು, ಮಲಗುವುದು ಎಲ್ಲವೂ ಗಂಟೆಯ ಪ್ರಕಾರ. ಹೇಳಿದ್ದನ್ನು ಹೇಳಿದ ಕ್ರಮದಲ್ಲಿ ಮಾಡುವವರು ನನಗೆ ಇಷ್ಟ. ಅಂಥವರು ಮನುಷ್ಯರಲ್ಲಿ ಕಡಿಮೆ. ಯಂತ್ರವಾದರೂ ಹಾಗಿರುತ್ತದೆ ಎಂದು ಕೇಳಿದ್ದರಿಂದ ನಾನು ಖುಷಿಯಿಂದಲೇ ಒಪ್ಪಿಕೊಂಡೆ.

ಮಾಡಿಸಬೇಕಾದ ಕೆಲಸ ಸ್ಪಷ್ಟವಿತ್ತು. ನಮ್ಮ ಕಾರ್ಖಾನೆಯಲ್ಲಿ ಗೇರುಬೀಜದ ತಿರುಳನ್ನು ಗಾತ್ರ ನೋಡಿ ವಿಂಗಡಿಸಿ, ತಗಡಿನ ಡಬ್ಬಿಯಲ್ಲಿ ತುಂಬಿ, ಬೆಸುಗೆ ಹಾಕುತ್ತಿದ್ದರು. ಒಂದು ಪೌಂಡಿಗೆ ಸುಮಾರು ಮುನ್ನೂರ ಇಪ್ಪತ್ತು ತಿರುಳು ಬರುವ ದರ್ಜೆಗೆ 'ತ್ರೀ ಟ್ವೆಂಟಿ' ಎನ್ನುತ್ತಿದ್ದೆವು. ನಮ್ಮ ಅನ್ನ ಅದರಲ್ಲೇ ಇತ್ತು. ಪ್ರತಿದಿನ ಯಾವ ದರ್ಜೆಯ ಎಷ್ಟು ಡಬ್ಬಿ ತಯಾರಾಯಿತು ಎಂಬುದು ಒಂದು ಲೆಕ್ಕ. ಗೋಡೌನಿಗೆ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ನಮ್ಮ ರೈಟರು ಬರೆಯುತ್ತಿದ್ದರು. ಎರಡನೆಯದನ್ನು ಗೋಡೌನ್ ನೋಡಿಕೊಳ್ಳುತ್ತಿದ್ದ ಬ್ಯಾರಿ ಮುಸ್ಲಿಮರೊಬ್ಬರು ಬರೆಯುತ್ತಿದ್ದರು. ಧಣಿಗಳನ್ನು ಬಿಟ್ಟು ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದೆವು. ಧಣಿಗಳ ತಂದೆಯವರ ಕಾಲದಿಂದಲೂ ಗೋಡೌನಿನ ಬೀಗದ ಕೈ ಅವರ ಸೊಂಟದ ಬೆಲ್ಟಿನಲ್ಲೇ ಇತ್ತು.

ಕಂಪ್ಯೂಟರಿನ ಸಂಗಡ ಬಂದ ಇಂಗ್ಲಿಷ್ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕುಳಿತೆ. ಫಾರ್ಮುಲಾ ಎಂಬ ಅಧ್ಯಾಯದ ತನಕ ಹೇಗೋ ದಾಟಿದೆ, ಮ್ಯಾಕ್ರೋ ಎಂಬಲ್ಲಿ ನಿಂತುಬಿಟ್ಟೆ. ಬಿಜೈಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಒಬ್ಬ ಟೀಚರ್ ಇದ್ದಾರೆಂದು ತಿಳಿದು ಅಲ್ಲಿಗೆ ಹೋದೆ. ಮೂವತ್ತು ದಾಟಿದ ಕ್ರೈಸ್ತ ಹೆಂಗಸು, ನಾಲಗೆ ಚುರುಕು. ಮ್ಯಾಕ್ರೋ ಎಂದರೇನೆಂದು ಕೇಳಿದೆ.

"ಮೇಡಂ, ನೀವು ಒತ್ತಬೇಕಾದ ಕೀಗಳನ್ನೆಲ್ಲ ಒಂದು ಚೌಕದಲ್ಲಿ ಸಾಲಾಗಿ ಬರೆದಿಡುವುದು, ಅಷ್ಟೆ. ಮತ್ತೆ ನೀವು ಒಂದು ಕೀ ಒತ್ತಿದರೆ ಅದು ಬರೆದದ್ದನ್ನೆಲ್ಲ ತಾನೇ ಒತ್ತುತ್ತದೆ."

"ಯೋಚನೆ ಮಾಡುವುದಿಲ್ಲವಾ?"

"ಇಲ್ಲ. ಬಾವಿಗೆ ಹಾರು ಅಂತ ಬರೆದರೆ ಹಾರ್ತದೆ."

ನನಗೆ ತುಂಬ ಸಮಾಧಾನವಾಯಿತು. ಮರುದಿನದಿಂದಲೇ ಬರಲು ಹೇಳಿದೆ.

ಟೀಚರ್ ಕಟ್ಟಿಕೊಟ್ಟ ಹಾಳೆ ಚೊಕ್ಕವಾಗಿತ್ತು. ಮೊದಲ ಸಾಲಿನಲ್ಲಿ ದರ್ಜೆಗಳ ಹೆಸರು, ಅದರ ಕೆಳಗೆ ತಿಂಗಳ ಒಂದೊಂದು ದಿನಕ್ಕೆ ಒಂದೊಂದು ಸಾಲು. ಸಂಜೆ ಅಂಕೆ ತುಂಬಿಸಿ ಮ್ಯಾಕ್ರೋದ ಕೀ ಒತ್ತಿದರೆ ಕರ್ಸರ್ ತಾನಾಗಿ ಕೆಳಗೆ ಓಡಿ, ಪ್ರತಿ ಕಾಲಮ್ಮಿನ ಬುಡದಲ್ಲೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೂಡಿಸುವ ಫಾರ್ಮುಲಾ ಬರೆದು, ಮೊತ್ತವನ್ನಷ್ಟೇ ಮುದ್ರಿಸಿ ನಿಲ್ಲುತ್ತಿತ್ತು. ಹೆಸರಿರುವ ಸಾಲನ್ನೂ ಏಕೆ ಕೂಡಿಸಬೇಕೆಂದು ನಾನು ಕೇಳಿದ್ದೆ. ಅಕ್ಷರ ಕಂಡರೆ ಯಂತ್ರ ಅದನ್ನು ಸೊನ್ನೆ ಎಂದೇ ಎಣಿಸುತ್ತದೆ, ತೊಂದರೆ ಇಲ್ಲ ಎಂದರು. ಅವರು ಹೇಳಿದ್ದು ಸರಿಯೇ.

ತಿಂಗಳ ಕೊನೆಯ ದಿನ ಮೊದಲ ಎಡವಟ್ಟು. ಆ ದಿನ ತಯಾರಾದ ಡಬ್ಬಿಗಳೆಲ್ಲ ಹಾಳೆಯಲ್ಲಿ ಇದ್ದವು, ಮೊತ್ತದಲ್ಲಿ ಇರಲಿಲ್ಲ. ಟೀಚರ್ ಬಂದು ನೋಡಿದರೆ ಹಾಳೆಯ ಮೇಲ್ತುದಿಯಲ್ಲಿ ಒಂದು ಹೊಸ ಸಾಲು. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಶ್ರೀ'.

ರೈಟರು ಒಂದಿಷ್ಟೂ ಅಳುಕಲಿಲ್ಲ. ಶ್ರೀಕಾರವಿಲ್ಲದೆ ತಾನು ಇಷ್ಟು ವರ್ಷದಲ್ಲಿ ಒಂದು ಚೀಟಿಯನ್ನೂ ಬರೆದವನಲ್ಲ. ಹಾಳೆಯಲ್ಲಿ ಸಾಲು ಸೇರಿಸುವುದು ಹೇಗೆಂದು ಟೀಚರೇ ಕಲಿಸಿದ್ದು. ಕಲಿತದ್ದನ್ನು ದೇವರ ಕೆಲಸಕ್ಕೆ ಮೊದಲು ಬಳಸಿದ್ದು ತಪ್ಪೇ ಎಂದು ಅವರೇ ನಮ್ಮನ್ನು ಕೇಳಿದರು. ಆದದ್ದು ಇಷ್ಟು: ಮೇಲೆ ಒಂದು ಸಾಲು ಸೇರಿದ್ದರಿಂದ ಎಲ್ಲ ದಿನಗಳೂ ಒಂದೊಂದು ಮೆಟ್ಟಿಲು ಕೆಳಗಿಳಿದವು. ಮ್ಯಾಕ್ರೋದೊಳಗೆ ಬರೆದಿಟ್ಟ ವಿಳಾಸ ಮಾತ್ರ ಹಳೆಯದೇ. ಅದು ಹಳೆಯ ಕೊನೆಯ ಸಾಲಿಗೆ ಬಂದು ನಿಂತಿತು. ಅದರ ಕೆಳಗೆ ಇನ್ನೊಂದು ದಿನ ಉಳಿದದ್ದು ಅದಕ್ಕೆ ಗೊತ್ತಿಲ್ಲ.

ಟೀಚರ್ ಶ್ರೀಕಾರ ತೆಗೆಯಿರಿ ಎಂದರು. ರೈಟರು, ಹಾಗಾದರೆ ಮೊದಲು ನನ್ನನ್ನು ತೆಗೆಯಿರಿ ಎಂದರು. ನಾನು ಇಬ್ಬರನ್ನೂ ಕೂರಿಸಿ ತೀರ್ಮಾನ ಕೊಟ್ಟೆ. ಹಾಳೆಯ ಮೊದಲ ಸಾಲು ಇನ್ನು ಮುಂದೆ ದೇವರಿಗೆ. ಮ್ಯಾಕ್ರೋದಲ್ಲಿ ಕೂಡಿಸುವ ವ್ಯಾಪ್ತಿಯನ್ನು ಕೆಳಗೆ ಒಂದಷ್ಟು ಸಾಲು ಹೆಚ್ಚಿಗೆ ಚಾಚಿಬಿಡಬೇಕು. ಮತ್ತು ಒಂದು ಹಾಳೆಗೆ ಇರುವ ಕ್ರಮ ಇನ್ನೊಂದು ಹಾಳೆಗೂ ಇರಬೇಕು. ಅಂದರೆ ಕಾಕನ ಗೋಡೌನ್ ಹಾಳೆಯಲ್ಲೂ ಮೇಲೆ ಒಂದು ಸಾಲು ಖಾಲಿ ಬಿಟ್ಟು, ಅದೇ ಮ್ಯಾಕ್ರೋ ಹಾಕಿಕೊಡಬೇಕು. ಹೋದ ಡಬ್ಬಿಗಳನ್ನು ಮೈನಸ್ ಹಾಕಿ ಬರೆದರೆ ಮೊತ್ತವೇ ಉಳಿಕೆ.

ಕಾಕನಿಗೆ ಈ ನ್ಯಾಯ ಬಹಳ ಮೆಚ್ಚಿಗೆಯಾಯಿತು. ಹೊಸ ತಿಂಗಳ ಮೊದಲ ದಿನ ಟೋಪಿ ಸರಿಮಾಡಿಕೊಂಡು ಗಾಜಿನ ಕೋಣೆಗೆ ಬಂದರು. ತಮ್ಮವರು ಯಾವ ಬರಹದ ಮೇಲೂ ಬಿಸ್ಮಿಲ್ಲಾದ ಬದಲಿಗೆ ಬರೆಯುವ ಅಂಕೆಯನ್ನು, ಪುಟದ ಮೇಲೆ ಬರೆಯುವ ಹಾಗೆಯೇ ಸಾಲಿನ ನಟ್ಟನಡುವೆ, ಒಂದೇ ಬೆರಳಿನಿಂದ ಒತ್ತಿದರು. 786. ನಡುವಿನ ಕಾಲಂ ತ್ರೀ ಟ್ವೆಂಟಿಯದು. ಟೀಚರ್ ಪಕ್ಕದಲ್ಲೇ ಇದ್ದರು, ನಾನೂ ಇದ್ದೆ. ಚಂದ ಕಾಣುತ್ತದೆ ಎಂದೆವು.

ಅದೇ ತಿಂಗಳಿಂದ ಧಣಿಗಳು ಹಳೆಯ ಸ್ಟಾಕ್ ರಿಜಿಸ್ಟರನ್ನು ನಿಲ್ಲಿಸಿದರು. ಒಂದು ವರ್ಷ ಎರಡೂ ನಡೆಯಲಿ ಎಂದು ನಾನು ಹೇಳಿ ನೋಡಿದೆ. ಯಂತ್ರ ತಂದ ಮೇಲೂ ಪೆನ್ನು ಹಿಡಿದರೆ ಎದುರಿನ ಮೆಣಸಿನವರು ನಗುತ್ತಾರೆ ಎಂದರು. ಕಾಕನ ಬಳಿ ಉಳಿದದ್ದು ಬಂದ ಹೋದ ಡಬ್ಬಿಗಳ ಚೀಟಿಗಳು ಮಾತ್ರ, ಅದೂ ಅವರದೇ ಕೈಬರಹದಲ್ಲಿ.

ತಿಂಗಳ ನಡುವೆ ಗಲ್ಫಿನ ಒಂದು ಕಂಪೆನಿ ತ್ರೀ ಟ್ವೆಂಟಿ ಎಷ್ಟಿದ್ದರೂ ಬೇಕೆಂದು ಟೆಲೆಕ್ಸ್ ಕಳಿಸಿತು. ಧಣಿಗಳು ಗೋಡೌನ್ ಹಾಳೆಯ ಮೊತ್ತ ಮುದ್ರಿಸಿಕೊಂಡು, ಅಷ್ಟನ್ನೂ ಇನ್ನು ಎರಡು ವಾರದಲ್ಲಿ ಹೊರಡುವ ಹಡಗಿಗೆ ಹಾಕುತ್ತೇವೆ ಎಂದು ಉತ್ತರ ಕೊಟ್ಟರು. ಅಷ್ಟು ದೊಡ್ಡ ಮಾತನ್ನು ಅವರು ಒಂದೇ ಉಸಿರಿನಲ್ಲಿ ಕೊಟ್ಟದ್ದು ಅದೇ ಮೊದಲು. ಆ ದಿನ ಎಲ್ಲರಿಗೂ ಐಸ್‌ಕ್ರೀಂ ತರಿಸಿದರು. ಮರುದಿನ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಲು ಆಳುಗಳು ಗೋಡೌನಿಗೆ ಹೋದರು. ಡಬ್ಬಿಗಳು ಮುಗಿದವು, ಖಾಲಿ ಪೆಟ್ಟಿಗೆಗಳು ಮುಗಿಯಲಿಲ್ಲ.

ಎಣಿಸಿದರು. ಪೆಟ್ಟಿಗೆಗಳಿಂದ ಹೊರಗೆ ತೆಗೆದು, ಒಂದರ ಮೇಲೊಂದು ಅಟ್ಟಿ ಮಾಡಿ ಮತ್ತೆ ಎಣಿಸಿದರು. ಕಂಪ್ಯೂಟರ್ ಹೇಳಿದ್ದಕ್ಕಿಂತ ಎಂಟುನೂರ ಒಂಬತ್ತು ಡಬ್ಬಿ ಕಡಿಮೆ.

ಧಣಿಗಳು ಕೂಗಾಡುವ ಮನುಷ್ಯರಲ್ಲ, ಅದೇ ಕಷ್ಟ. ಕಾಕನನ್ನು ಕರೆಸಿ ಕೈ ಚಾಚಿದರು. ಕಾಕ ಬೆಲ್ಟಿನಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಚೀಟಿಗಳನ್ನು ನೋಡಿ ಎಂದರು. ಅದನ್ನು ಬರೆದವರೂ ನೀವೇ ಅಲ್ಲವಾ ಎಂದರು ಧಣಿಗಳು. ಬೀಗದ ಕೈ ಕಳೆದುಕೊಂಡ ಗೋಡೌನಿನವನನ್ನು ಬಂದರಿನಲ್ಲಿ ಬೇರೆ ಯಾರೂ ಬಾಗಿಲಿಗೂ ಸೇರಿಸುವುದಿಲ್ಲ. ಸಂಜೆಯೊಳಗೆ ಈ ಸುದ್ದಿ ಮೀನು ಮಾರ್ಕೆಟಿನ ತನಕ ತಲುಪಿತ್ತು.

ಧಣಿಗಳು ನನ್ನನ್ನು ಕೋಣೆಗೆ ಕರೆದು ಎರಡು ಕೆಲಸ ಹೇಳಿದರು. ಪೊಲೀಸರಿಗೆ ಒಂದು ದೂರು ಬರೆಯಬೇಕು. ಗಲ್ಫಿಗೆ, ಗೋಡೌನಿನಲ್ಲಿ ಕಳವಾದ್ದರಿಂದ ಪೂರ್ತಿ ಮಾಲು ಕಳಿಸಲಾಗುವುದಿಲ್ಲ ಎಂದು ಟೆಲೆಕ್ಸ್ ಹೊಡೆಯಬೇಕು.

ಟೆಲೆಕ್ಸ್ ಯಂತ್ರದ ಮುಂದೆ ಕೂರುತ್ತಿದ್ದವಳು ನಾನೇ. ಇಷ್ಟು ವರ್ಷದಲ್ಲಿ ಧಣಿಗಳು ಹೇಳಿದ್ದನ್ನು ಹೊಡೆಯದೆ ಬಿಟ್ಟದ್ದಿಲ್ಲ. ಆ ದಿನ ಬಿಟ್ಟೆ.

"ಕಳವು ಅಂತ ನಾನು ಹೊಡೆಯುವುದಿಲ್ಲ. ಎಂಟುನೂರು ಡಬ್ಬಿ ಅಂದರೆ ಲಾರಿ ಬೇಕು. ಬಂದರಿನಲ್ಲಿ ಒಂದು ಲಾರಿ ರಿವರ್ಸ್ ಬಂದರೆ ನಾಲ್ಕು ಜನ ಬಂದು 'ಬರ್ಲಿ, ಬರ್ಲಿ' ಅಂತಾರೆ. ಇದನ್ನು ಒಬ್ಬನೂ ನೋಡಲಿಲ್ಲವಾ?"

"ಹಾಗಾದರೆ ಎಲ್ಲಿ ಹೋಯ್ತು ಅಕ್ಕ, ಹಾರಿ ಹೋಯ್ತಾ?"

"ಶನಿವಾರದ ತನಕ ಬಿಡಿ. ನೋಡ್ತೇನೆ."

ಅವರು ಫ್ಯಾನು ನೋಡಿ, ಆಯ್ತು ಎಂದರು.

ಒಂದೇ ಏಟಿಗೆ ದೊಡ್ಡದನ್ನು ಹುಡುಕಲು ಹೋಗಬಾರದು, ಸಣ್ಣವನ್ನು ಮೊದಲು ಕಳೆಯಬೇಕು ಎಂಬುದು ನನ್ನ ಕ್ರಮ. ಗೋಡೌನಿನ ಮೂಲೆಮೂಲೆಯನ್ನೂ ಖಾಲಿ ಮಾಡಿಸಿದೆ. ಹಿಂದಿನ ಕೋಣೆಯಲ್ಲಿ ಬೆಸುಗೆ ಬಿಟ್ಟು ಗಾಳಿ ಹೊಕ್ಕ ತ್ರೀ ಟ್ವೆಂಟಿಯ ಡಬ್ಬಿಗಳು ಹನ್ನೆರಡು ಇದ್ದವು. ಪುನಃ ತುಂಬಲು ಕಾರ್ಖಾನೆಗೆ ಹೋಗಬೇಕಾದವು, ಯಾರೂ ಚೀಟಿ ಬರೆದಿರಲಿಲ್ಲ. ಅದನ್ನು ಕಳೆದೆ. ಮತ್ತೆ, ಮಾದರಿಗೆಂದು ಹೊರಗಿನ ವ್ಯಾಪಾರಿಗಳಿಗೆ ಕಳಿಸಿದ ಒಂಬತ್ತು. ಅವು ಯಾರ ಆಜ್ಞೆಯ ಮೇಲೆ ಹೋದವೆಂದು ವಿಚಾರಿಸಿದಾಗ ಧಣಿಗಳ ಕೋಣೆಯ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು. ಅದನ್ನೂ ಕಳೆದೆ. ಇನ್ನೆರಡು ಡಬ್ಬಿ ಕಂಕನಾಡಿಯ ಯಾವುದೋ ಮದುವೆಗೆ ಉಡುಗೊರೆಯಾಗಿ ಹೋಗಿದ್ದವು. ಒಯ್ದವರು ಧಣಿಗಳ ಡ್ರೈವರು. ನಾನು ಧಣಿಗಳ ಬಾಗಿಲು ತಟ್ಟಿ ಕೇಳಿದೆ.

"ಎರಡು ಡಬ್ಬಿಗೂ ಚೀಟಿ ಬರೀಬೇಕಾ ಮಾರಾಯ್ರೆ?" ಎಂದರು.

"ಎಂಟುನೂರಕ್ಕೆ ಪೊಲೀಸ್ ಬೇಕಾದರೆ ಎರಡಕ್ಕೆ ಚೀಟಿಯಾದರೂ ಬೇಡವಾ?" ಎಂದೆ.

ಅವರು ಆ ಮೇಲೆ ಚಹಾ ಬಂದರೂ ಬಾಗಿಲು ತೆರೆಯಲಿಲ್ಲ.

ಈ ನಡುವೆ ಟೀಚರನ್ನೂ ಕರೆಸಿದ್ದೆ. ಅವರು ಮ್ಯಾಕ್ರೋವನ್ನು ಒಂದೊಂದೇ ಕೀ ಓದಿ ನೋಡಿದರು, ತಪ್ಪಿರಲಿಲ್ಲ. ಪ್ರತಿ ದಿನದ ಅಂಕೆಯನ್ನೂ ಕಾಕನ ಚೀಟಿಯೊಂದಿಗೆ ಹೋಲಿಸಿದೆವು. ಒಂದಕ್ಕೊಂದು ಸರಿಯಿತ್ತು. ತಪ್ಪಿಲ್ಲದ ಅಂಕೆಗಳನ್ನು ತಪ್ಪಿಲ್ಲದ ಮ್ಯಾಕ್ರೋ ಕೂಡಿಸಿ ತಪ್ಪು ಉತ್ತರ ಕೊಡುತ್ತಿತ್ತು. ವೈರಸ್ ಎಂಬುದೊಂದು ಬಂದಿದೆಯಂತೆ ಎಂದು ಟೀಚರ್ ಸಣ್ಣ ದನಿಯಲ್ಲಿ ಹೇಳಿದರು. ರೈಟರು ಅದನ್ನು ಕೇಳಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಆ ದಿನವೆಲ್ಲ ಗಾಜಿನ ಕೋಣೆಯ ಹೊರಗೇ ಇದ್ದರು. ನಾವಿಬ್ಬರೂ ಎಷ್ಟೋ ಸಲ ಹಾಳೆಯ ಮೇಲ್ತುದಿಗೆ ಹೋಗಿ, ಮೊದಲ ದಿನದ ಸಾಲಿನಿಂದ ಕೆಳಗಿಳಿದೆವು. 786 ಕಣ್ಣೆದುರಿಗೇ ಇತ್ತು. ಪುಟದ ಮೇಲಿನ ದೇವರನ್ನು ಯಾರು ತಾನೇ ಲೆಕ್ಕದ ಕಣ್ಣಿನಿಂದ ನೋಡುತ್ತಾರೆ? ಗುಡಿಯ ಬಾಗಿಲಿನಲ್ಲಿ ಕಾಲು ತೊಳೆದು ಒಳಗೆ ಹೋಗುವ ಹಾಗೆ, ಅದನ್ನು ದಾಟಿಯೇ ಕೆಲಸ ಶುರುಮಾಡುತ್ತಿದ್ದೆವು.

ಶನಿವಾರ ಬೆಳಿಗ್ಗೆ ಧಣಿಗಳ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಕಾಕನೂ ಬಂದಿದ್ದರು. ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ, ಯಾರಾದರೂ ಕರೆದೊಯ್ಯುವುದಿದ್ದರೆ ಹೋಗಲು ಸಿದ್ಧವಾದ ಹಾಗೆ. ಕುರ್ಚಿ ಇದ್ದರೂ ಕೂರಲಿಲ್ಲ. ನಾನು ಕಳೆದದ್ದನ್ನೆಲ್ಲ ಒಂದೊಂದಾಗಿ ಓದಿದೆ. ಗಾಳಿ ಹೊಕ್ಕದ್ದು, ಮಾದರಿಗೆ ಹೋದದ್ದು, ಮದುವೆಗೆ ಹೋದದ್ದು. ಮದುವೆ ಎಂದಾಗ ಧಣಿಗಳು ಕೆಮ್ಮಿದರು.

"ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಏಳುನೂರ ಎಂಬತ್ತಾರು ಡಬ್ಬಿ. ಅದಕ್ಕೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ."

ಕಾಕ ತಲೆ ಎತ್ತಿದರು.

"ಎಷ್ಟು ಹೇಳಿದ್ದು ಅಕ್ಕ?"

ಪುನಃ ಹೇಳಿದೆ. ಕಾಕ ಒಮ್ಮೆ ಟೀಚರ್ ಕಡೆ, ಒಮ್ಮೆ ನನ್ನ ಕಡೆ ನೋಡಿ, ನಿಧಾನವಾಗಿ ಕುರ್ಚಿಯಲ್ಲಿ ಕುಳಿತರು.

"ಅದು ನಾನು ಇಟ್ಟದ್ದು, ಧಣಿ."

ಧಣಿಗಳು ಅರ್ಧ ಎದ್ದರು. "ಎಲ್ಲಿ ಇಟ್ಟದ್ದು?"

"ಮೇಲೆ."

ಧಣಿಗಳು ಅಟ್ಟದ ಕಡೆ ನೋಡಿದರು. ರೈಟರೂ ನೋಡಿದರು. ಟೀಚರ್ ಮಾತ್ರ ಯಾರನ್ನೂ ನೋಡದೆ ಗಾಜಿನ ಕೋಣೆಗೆ ಓಡಿದರು. ಚಪ್ಪಲಿ ಬಿಡುವುದನ್ನೂ ಮರೆತಿದ್ದರು, ಆ ಒಂದು ಸಲಕ್ಕೆ ನಾನು ಬಿಟ್ಟುಕೊಟ್ಟೆ. ಅವರು ಮೊದಲ ಸಾಲಿನ ಚೌಕವನ್ನು ಖಾಲಿ ಮಾಡಿ ಮ್ಯಾಕ್ರೋ ಓಡಿಸಿದರು. ತ್ರೀ ಟ್ವೆಂಟಿಯ ಮೊತ್ತ ಕುಸಿದು, ಎಣಿಸಿದ ಡಬ್ಬಿಗಳಿಗೆ ನನ್ನ ಕಾಗದದ ಇಪ್ಪತ್ತಮೂರು ಸೇರಿಸಿದಷ್ಟಕ್ಕೆ ಸರಿಯಾಗಿ ಬಂದು ನಿಂತಿತು.

ಟೀಚರ್ ಎಲ್ಲರಿಗೂ ವಿವರಿಸಿದರು. ರೈಟರ ಶ್ರೀಕಾರ ಅಕ್ಷರ. ಯಂತ್ರ ಅದನ್ನು ಸೊನ್ನೆ ಎಂದು ಎಣಿಸಿತು. ಕಾಕನದು ಅಂಕೆ, ಅದನ್ನು ಡಬ್ಬಿ ಎಂದು ಎಣಿಸಿತು. ಮುಂದೆ ಈ ತೊಂದರೆ ಬಾರದ ಹಾಗೆ ಒಂದು ಉಪಾಯವನ್ನೂ ತೋರಿಸಿದರು. ಅಂಕೆಗೆ ಮೊದಲು ಅಪಾಸ್ಟ್ರಫಿ ಎಂಬ ಒಂದು ಸಣ್ಣ ಮೇಲ್ಗೀಟು ಒತ್ತಿದರೆ ಯಂತ್ರ ಅದನ್ನೂ ಅಕ್ಷರವೆಂದೇ ತಿಳಿಯುತ್ತದೆ.

"ಹೀಗೆ ಮಾಡಿದರೆ ಇದು ಲೆಕ್ಕ ಅಲ್ಲ, ಮಾತು ಆಗ್ತದೆ, ಕಾಕ."

"ಅದು ಯಾವಾಗಲೂ ಮಾತೇ ಟೀಚರ್," ಎಂದರು ಕಾಕ. "ಲೆಕ್ಕ ಅಂತ ತಿಳಿದದ್ದು ನಿಮ್ಮ ಮಿಷನ್."

ಇನ್ನು ಗಲ್ಫಿಗೆ ಉತ್ತರ ಕೊಡಬೇಕಿತ್ತು. ಇಲ್ಲದ ಡಬ್ಬಿಗಳನ್ನು ಕೊಡುತ್ತೇವೆಂದು ಹೇಳಿಯಾಗಿತ್ತು. ಧಣಿಗಳು ತಾಂತ್ರಿಕ ದೋಷ ಎಂದು ಹೊಡೆಯಿರಿ ಎಂದರು. ಯಾವ ದೋಷವೆಂದು ಅವರು ತಿರುಗಿ ಕೇಳಿದರೆ ಇನ್ನೊಂದು ಟೆಲೆಕ್ಸ್ ಬೇಕು, ಅದಕ್ಕಿಂತ ಇದ್ದದ್ದನ್ನು ಇದ್ದ ಹಾಗೆ ಒಂದೇ ಸಲ ಹೇಳುವುದು ಮೇಲು ಎಂದೆ. ಅವರು ತಲೆಗೆ ಕೈ ಹಚ್ಚಿ, "ನಿಮಗೆ ತೋಚಿದ್ದು ಮಾಡಿ" ಎಂದರು. ನಾನು ಇಂಗ್ಲಿಷಿನಲ್ಲಿ ಹೀಗೆ ಹೊಡೆದೆ: ನಮ್ಮ ಸ್ಟಾಕ್ ಹಾಳೆಯ ತಲೆಯಲ್ಲಿ ಬರೆದ ಪ್ರಾರ್ಥನೆಯ ಅಂಕೆ 786 ಕಂಪ್ಯೂಟರಿನ ಮೊತ್ತಕ್ಕೆ ಸೇರಿಹೋಗಿದೆ, ನಮ್ಮಲ್ಲಿನ ಇತರ ಕೊರತೆ ಇಪ್ಪತ್ತಮೂರು, ಇವೆಲ್ಲವನ್ನೂ ಮುಂದಿನ ಹಡಗಿಗೆ ಕಳಿಸಲು ಅನುಮತಿ ಬೇಕು. ಮೂರು ಸಲ ಓದಿದೆ. ಒಂದು ಶಬ್ದವೂ ಸುಳ್ಳಲ್ಲ. ಆದರೂ ಓದಿದಷ್ಟೂ ಹುಚ್ಚರು ಬರೆದ ಹಾಗಿತ್ತು.

ಸಂಜೆಯೊಳಗೆ ಯಂತ್ರ ಕಟಕಟ ಎಂದಿತು. ಧಣಿಗಳು ಕೋಣೆಯಿಂದ ಹೊರಗೆ ಬಂದು ನನ್ನ ಭುಜದ ಹಿಂದೆ ನಿಂತರು. ಮುಂದಿನ ಹಡಗಿಗೆ ಸರಿ ಎಂದಿತ್ತು. ಅದರ ಕೆಳಗೆ, ಆ ಕಡೆ ಯಂತ್ರದ ಮುಂದೆ ಕುಳಿತವನು ತನ್ನ ಕೈಯಿಂದ ಸೇರಿಸಿದ್ದು ಇನ್ನೊಂದು ಸಾಲು: ನಾನು ನಿಮ್ಮ ಪಕ್ಕದ ಉಳ್ಳಾಲದವನು, ಯಜಮಾನರಿಗೆ ಅರ್ಥಮಾಡಿಸಿದ್ದೇನೆ, ಇಪ್ಪತ್ತಮೂರರ ಬಗ್ಗೆ ಮಾತ್ರ ಅವರು ಕೇಳುತ್ತಿದ್ದಾರೆ.

ಧಣಿಗಳು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

ಸೋಮವಾರ ಅವರು ಬೀಗದ ಕೈಯನ್ನು ತಾವೇ ಹಿಡಿದುಕೊಂಡು ಗೋಡೌನಿನ ಬಾಗಿಲಿಗೆ ಬಂದರು. ಅವರ ಮಟ್ಟಿಗೆ ಅದೇ ದೊಡ್ಡ ಮಾತು. ಕ್ಷಮಿಸಿ ಎಂಬುದು ಆ ಮನೆತನದಲ್ಲಿ ಯಾರ ಬಾಯಿಂದಲೂ ಬಂದದ್ದನ್ನು ನಾನು ಕೇಳಿಲ್ಲ. ಕಾಕ ಬಾಗಿಲಲ್ಲಿ ನಿಂತಿದ್ದರು. ಕೈ ಚಾಚಲಿಲ್ಲ.

"ನಿಮ್ಮ ಅಪ್ಪ ನನಗೆ ಬೀಗದ ಕೈ ಕೊಡುವಾಗ ಒಳಗೆ ಎಷ್ಟು ಉಂಟು ಅಂತ ಎಣಿಸಲಿಲ್ಲ, ನಾನೂ ಕೇಳಲಿಲ್ಲ. ಈಗ ಎಣಿಸಿ ಕೊಡಿ, ಧಣಿ."

"ಆಳುಗಳು ಮೊನ್ನೆ ಎಣಿಸಿದ್ದಾರಲ್ಲ?"

"ನನ್ನಿಂದ ಬೀಗದ ಕೈ ತೆಗೆದದ್ದು ಆಳುಗಳಲ್ಲ."

ಧಣಿಗಳು ನನ್ನ ಕಡೆ ನೋಡಿದರು. ನಾನು ಕಾಗದದ ಪ್ಯಾಡು, ಪೆನ್ಸಿಲು ತೆಗೆದು ಸಿದ್ಧಳಾಗಿ ನಿಂತೆ. ಅವರು ಇಸ್ತ್ರಿ ಹಾಕಿದ ಬಿಳಿ ಪಂಚೆಯನ್ನು ಎತ್ತಿ ಕಟ್ಟಿದರು, ವಾಚು ಬಿಚ್ಚಿ ಜೇಬಿಗೆ ಹಾಕಿದರು. ತಗಡಿನ ಮಾಡಿನ ಕೆಳಗೆ ಆ ಸೆಕೆಯಲ್ಲಿ, ಒಂದೊಂದು ಡಬ್ಬಿಯನ್ನೂ ಬೆರಳಿನಿಂದ ಮುಟ್ಟಿ ಎಣಿಸತೊಡಗಿದರು. ನೂರಾದಾಗಲೆಲ್ಲ ನಾನು ಒಂದು ಗೀಟು ಎಳೆದೆ. ಆಳುಗಳು ಬಾಗಿಲಲ್ಲಿ ಗುಂಪಾಗಿ ನಿಂತರು. ಎದುರಿನ ಮೆಣಸಿನ ವ್ಯಾಪಾರಿಗಳೂ ಬಂದು ಒಮ್ಮೆ ಇಣುಕಿದರು. ಕಾಕ ಕೈಕಟ್ಟಿ, ಎರಡು ಹೆಜ್ಜೆ ಹಿಂದೆ, ಅವರ ಬೆರಳನ್ನೇ ನೋಡುತ್ತ ಜೊತೆಗೆ ನಡೆದರು.

ಮಧ್ಯಾಹ್ನದ ಹೊತ್ತಿಗೆ ಮೂರನೆಯ ಅಟ್ಟಿಯ ಅರ್ಧಕ್ಕೆ ಬಂದಿದ್ದರು. ಕಚೇರಿಯಿಂದ ಪ್ಯೂನು ಓಡಿಬಂದು, ಫೋನ್ ಉಂಟು, ಬೆಂಗಳೂರಿನಿಂದ ಎಂದ. ಧಣಿಗಳು ತಿರುಗಿ, ಮತ್ತೆ ಮಾಡಲಿಕ್ಕೆ ಹೇಳು ಎಂದರು. ಪುನಃ ಡಬ್ಬಿಗಳ ಕಡೆ ನೋಡಿದರು. ಬೆರಳು ಗಾಳಿಯಲ್ಲೇ ನಿಂತಿತು. ಎಲ್ಲಿದ್ದೆ ಎಂಬಂತೆ ನನ್ನ ಮುಖ ನೋಡಿದರು. ನನ್ನ ಬಳಿ ನೂರರ ಗೀಟುಗಳು ಮಾತ್ರ ಇದ್ದವು.

"ಮೊದಲಿಂದ, ಧಣಿ," ಎಂದರು ಕಾಕ.

ಧಣಿಗಳು ಹಣೆಯ ಬೆವರು ಒರೆಸಿಕೊಂಡು, ಬಾಗಿಲ ಬಳಿಯ ಮೊದಲ ಅಟ್ಟಿಗೆ ವಾಪಸು ಹೋದರು. ನಾನು ಪ್ಯಾಡಿನ ಹೊಸ ಹಾಳೆ ತಿರುಗಿಸಿದೆ.